ಟೈರು ಬದಲಾಯಿಸಿದ ಬಳಿಕ ಬೆಳಗುವ ಎಚ್ಚರಿಕೆಯ ದೀಪ

ಹೊಸ ಟೈರುಗಳನ್ನು ಹಾಕಿಸಿಕೊಂಡು ಹೊರಟ ಕಾರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುವುದು ಈಚಿನ ವರ್ಷಗಳಲ್ಲಿ ಅನೇಕ ವಾಹನ ಮಾಲೀಕರ ಅನುಭವಕ್ಕೆ ಬಂದಿದೆ. ಕುದುರೆಯ ಲಾಳದಂತಹ ಆಕೃತಿ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರು ಹೊಸದು, ಗಾಳಿಯೂ ಈಗ ತಾನೇ ತುಂಬಿಸಿದ್ದು. ಆದುದರಿಂದ ದೀಪವೇ ಕೆಟ್ಟಿರಬೇಕೆಂದು ಕೆಲವರು ಸುಮ್ಮನಿರುತ್ತಾರೆ. ಮತ್ತೆ ಕೆಲವರು ಗುಂಡಿಯೊತ್ತಿ ಅದನ್ನು ಆರಿಸಿ ನಿಶ್ಚಿಂತರಾಗುತ್ತಾರೆ. ಈ ಎರಡನೆಯ ಕ್ರಮವೇ ಹೆಚ್ಚು ಅಪಾಯಕರವಾದುದು.

ಟೈರಿನ ಒತ್ತಡವನ್ನು ಗಮನಿಸುವ ವ್ಯವಸ್ಥೆಯಲ್ಲಿ ಎರಡು ವಿಧಗಳಿವೆ. ಮೊದಲನೆಯದರಲ್ಲಿ ಪ್ರತಿ ಚಕ್ರದ ಒಳಗೆ, ಸಾಮಾನ್ಯವಾಗಿ ಗಾಳಿಯ ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸಂವೇದಕವಿರುತ್ತದೆ. ಅದು ಒತ್ತಡವನ್ನು ನೇರವಾಗಿ ಅಳೆದು ರೇಡಿಯೋ ತರಂಗದ ಮೂಲಕ ತಿಳಿಸುತ್ತದೆ. ಎರಡನೆಯದರಲ್ಲಿ ಚಕ್ರದೊಳಗೆ ಯಾವ ಸಾಧನವೂ ಇರುವುದಿಲ್ಲ. ಗಾಳಿ ಕಡಿಮೆಯಾದ ಟೈರಿನ ಸುತ್ತಳತೆ ಅತ್ಯಲ್ಪ ಕುಗ್ಗುವುದರಿಂದ ಆ ಚಕ್ರವು ಉಳಿದವುಗಳಿಗಿಂತ ತುಸು ವೇಗವಾಗಿ ಸುತ್ತುತ್ತದೆ, ಬ್ರೇಕಿನ ಎ.ಬಿ.ಎಸ್. ವ್ಯವಸ್ಥೆಯ ವೇಗಮಾಪಕಗಳು ಈ ವ್ಯತ್ಯಾಸವನ್ನು ಗುರುತಿಸುತ್ತವೆ. ತಮ್ಮ ಕಾರಿನಲ್ಲಿರುವುದು ಯಾವುದೆಂಬುದನ್ನು ವಾಹನದ ಕೈಪಿಡಿಯಿಂದ ತಿಳಿಯಬಹುದು. ಫಲಕದಲ್ಲಿ ಪ್ರತಿ ಟೈರಿನ ಒತ್ತಡವೂ ಅಂಕಿಯಲ್ಲಿ ಕಾಣುವುದಾದರೆ ಅದು ಮೊದಲನೆಯ ವಿಧ.

ಎರಡನೆಯ ವಿಧದ ಕಾರಿಗೆ ಸರಿಯಾದ ಒತ್ತಡ ಎಷ್ಟೆಂಬುದು ತಾನಾಗಿ ತಿಳಿಯದು. ಗುಂಡಿಯೊತ್ತಿದ ಗಳಿಗೆಯಲ್ಲಿ ಟೈರುಗಳು ಹೇಗಿವೆಯೋ ಅದನ್ನೇ ಅದು ಸರಿಯೆಂದು ಕಲಿಯುತ್ತದೆ. ಟೈರುಗಳಲ್ಲಿ 33 ಪೌಂಡು ಇರಬೇಕಾದಲ್ಲಿ 26 ಇದ್ದಾಗ ಗುಂಡಿಯೊತ್ತಿದರೆ, ಆ 26 ಅನ್ನೇ ಆಧಾರವಾಗಿಟ್ಟುಕೊಂಡು ಇನ್ನಷ್ಟು ಇಳಿಯುವವರೆಗೂ ದೀಪ ಮೌನವಾಗಿರುತ್ತದೆ. ಗಾಳಿ ಕಡಿಮೆಯಿರುವ ಟೈರಿನ ಪಾರ್ಶ್ವಗಳು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗುತ್ತವೆ, ಕಾಯುತ್ತವೆ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಮಾರ್ಗದಂತಹ ರಸ್ತೆಯಲ್ಲಿ, ಬೇಸಿಗೆಯ ಮಧ್ಯಾಹ್ನ, ತುಂಬಿದ ಕಾರಿನಲ್ಲಿ ಟೈರು ಸಿಡಿಯಲು ಈ ಕಾವೇ ಮುಖ್ಯ ಕಾರಣ. ಆದುದರಿಂದ ಮೊದಲು ಗಾಳಿ, ಅನಂತರ ಗುಂಡಿ. ಈ ಕ್ರಮ ತಪ್ಪಬಾರದು.

ಒತ್ತಡ ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ನೋಡಬೇಕು. ಟೈರಿನ ಮೈಮೇಲೆ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಮಿತಿ. ಅದನ್ನೇ ಓದಿ ತುಂಬುವವರೂ ಇದ್ದಾರೆ. ಅಳತೆಯನ್ನು ಟೈರು ತಣ್ಣಗಿರುವಾಗ, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತ ಬಳಿಕ, ಮಾಡತಕ್ಕದ್ದು. ದೂರ ಓಡಿದ ಟೈರಿನಲ್ಲಿ ಒತ್ತಡ ಹಲವು ಪೌಂಡುಗಳಷ್ಟು ಏರಿರುವುದು ಸಹಜ. ದಾರಿಯ ಪೆಟ್ರೋಲ್ ಪಂಪಿನಲ್ಲಿ ಅದನ್ನು ಕಂಡು ಗಾಳಿ ಬಿಡುವುದು ತಪ್ಪು. ದೆಹಲಿಯ ವಾಚಕರು ಇನ್ನೊಂದನ್ನು ಗಮನಿಸಬೇಕು. ಅಕ್ಟೋಬರಿನ ಬಿಸಿಲಿನಲ್ಲಿ ಸರಿಯಾಗಿ ತುಂಬಿಸಿದ ಟೈರು, ಸೋರಿಕೆ ಒಂದಿಷ್ಟೂ ಇಲ್ಲದಿದ್ದರೂ, ಜನವರಿಯ ಬೆಳಗಿನ ಚಳಿಯಲ್ಲಿ ಮೂರು ನಾಲ್ಕು ಪೌಂಡು ಇಳಿದಿರುತ್ತದೆ.

ಮೊದಲನೆಯ ವಿಧದ ಕಾರುಗಳಲ್ಲಿ ತೊಂದರೆ ಬೇರೆ ಬಗೆಯದು. ದೀಪವು ಸ್ಥಿರವಾಗಿ ಬೆಳಗಿದರೆ ಗಾಳಿ ಕಡಿಮೆಯಿದೆ ಎಂದರ್ಥ. ಎಂಜಿನ್ ಚಾಲೂ ಮಾಡಿದಾಗ ಸುಮಾರು ಒಂದು ನಿಮಿಷ ಮಿನುಗಿ ಆಮೇಲೆ ಸ್ಥಿರವಾದರೆ ವ್ಯವಸ್ಥೆಯಲ್ಲಿಯೇ ದೋಷವಿದೆ. ಸಂವೇದಕ ಮುರಿದಿರಬಹುದು, ಅಥವಾ ಕಾರು ಅದನ್ನು ಗುರುತಿಸದಿರಬಹುದು. ಟೈರು ಬಿಚ್ಚುವ ಯಂತ್ರದ ಸಲಾಕೆ ವಾಲ್ವಿನ ಬಳಿ ಒತ್ತಿದರೆ ಸಂವೇದಕ ಒಡೆಯುತ್ತದೆ. ಕೆಲಸ ಆರಂಭವಾಗುವ ಮುನ್ನವೇ ಚಕ್ರದಲ್ಲಿ ಸಂವೇದಕವಿದೆಯೆಂದು ಕೆಲಸಗಾರನಿಗೆ ಹೇಳುವುದಕ್ಕೆ ಯಾವ ಖರ್ಚೂ ಇಲ್ಲ. ವಾಲ್ವಿನ ರಬ್ಬರ್ ಮುದ್ರೆಯನ್ನು ಆಗಲೇ ಹೊಸದಾಗಿ ಹಾಕಿಸಬೇಕು. ಪಂಕ್ಚರ್ ಮುಚ್ಚಲು ಹಿಂದೆ ದ್ರವವನ್ನು ತುಂಬಿಸಿದ್ದರೆ ಅದನ್ನೂ ತಿಳಿಸಬೇಕು, ಏಕೆಂದರೆ ಅದು ಸಂವೇದಕದ ರಂಧ್ರವನ್ನು ಕಟ್ಟಬಲ್ಲದು.

ಹಿಂದಿನ ಚಕ್ರಗಳನ್ನು ಮುಂದಕ್ಕೆ ತಂದಾಗ ಕೆಲವು ಕಾರುಗಳು ಹತ್ತಿಪ್ಪತ್ತು ನಿಮಿಷಗಳ ಓಟದಲ್ಲಿ ಹೊಸ ಸ್ಥಾನಗಳನ್ನು ತಾವೇ ಕಲಿಯುತ್ತವೆ. ಕೆಲವಕ್ಕೆ ಉಪಕರಣದಿಂದ ಕಲಿಸಬೇಕು. ಕಲಿಸದೆ ಬಿಟ್ಟರೆ ಬಲ ಮುಂಚಕ್ರದ ಸೋರಿಕೆ ಹಿಂಚಕ್ರದ್ದೆಂದು ಕಾಣಿಸಬಹುದು.

ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಸೀಳಿ ಸಂಭವಿಸಿದ ಸಾವುಗಳ ಬಳಿಕ 2000ದಲ್ಲಿ ಈ ವ್ಯವಸ್ಥೆಗಾಗಿ ಕಾಯಿದೆಯಾಯಿತು. ಅಲ್ಲಿಯ ನಿಯಮದಂತೆ ಒತ್ತಡವು ಶೇಕಡ 25ರಷ್ಟು ಇಳಿದಾಗ ದೀಪ ಬೆಳಗಬೇಕು. 32 ಪೌಂಡಿನ ಟೈರಿಗೆ ಅದು 24. ಅಷ್ಟರಲ್ಲಿ ಬಹಳ ತಡವಾಗಿರುತ್ತದೆ. ನಮ್ಮಲ್ಲಿ 2020ರ ತಿದ್ದುಪಡಿಯಂತೆ ಟ್ಯೂಬ್‌ಲೆಸ್ ಟೈರು, ಈ ಎಚ್ಚರಿಕೆ ವ್ಯವಸ್ಥೆ ಮತ್ತು ದುರಸ್ತಿ ಸಾಮಗ್ರಿ ಇರುವ ಕಾರಿಗೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲ. ಹಾಗಾಗಿ ದೀಪವನ್ನು ನಂಬಿರುವ ಕಾರುಗಳಲ್ಲಿಯೂ ಒಂದು ಒತ್ತಡಮಾಪಕ ಇರಲಿ, ತಿಂಗಳಿಗೊಮ್ಮೆ ಬಳಕೆಯಾಗಲಿ.

ಸಂವೇದಕದ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ; ಅದನ್ನು ಪ್ರತ್ಯೇಕವಾಗಿ ಬದಲಿಸಲು ಬಾರದು. ಏಳೆಂಟು ವರ್ಷದ ಕಾರಿಗೆ ಹೊಸ ಟೈರು ಹಾಕಿಸುವಾಗಲೇ ಸಂವೇದಕಗಳನ್ನೂ ಬದಲಿಸಿದರೆ ಎರಡನೆಯ ಬಾರಿ ಟೈರು ಬಿಚ್ಚಿಸುವ ಕೂಲಿ ಉಳಿಯುತ್ತದೆ.