ಕೊಣ್ಣೂರಿನ ತಮ್ಮನಿಗೆ

ತಮ್ಮಾ,

ನಿನ್ನ ಹೆಸರು, ಓಣಿ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ರಕ್ತದ ಚೀಟಿಯಲ್ಲಿ ಎಚ್‌ಐವಿ ಪಾಸಿಟಿವ್ ಎಂದು ಓದಿ ಅದನ್ನು ಕಿಸೆಯಲ್ಲಿ ಮಡಚಿಟ್ಟುಕೊಂಡು ತಿರುಗುತ್ತಿರುವ ಹುಡುಗ ನಮ್ಮ ಕೊಣ್ಣೂರಿನಲ್ಲಿದ್ದರೆ ಈ ಪತ್ರ ಅವನಿಗೆ. ನಾನೂ ಇದೇ ವೈರಾಣುವಿನ ಜೊತೆ ಬದುಕುತ್ತಿರುವವಳು. ಗಂಡನಿಂದ ಬಂತು. ಅವರು ಹೋದರು, ನಾನು ಗುಳಿಗೆಯಿಂದ ಉಳಿದೆ. ಅದಕ್ಕೇ ಸಮಾಧಾನದ ಮಾತಿಗಿಂತ ಮುಂಚೆ ಗುಳಿಗೆಯ ಮಾತು.

ಖಾಸಗಿ ಲ್ಯಾಬಿನ ಒಂದು ಚೀಟಿಯನ್ನೇ ಹಿಡಿದು ಕೂಡಬೇಡ. ಸರ್ಕಾರಿ ದವಾಖಾನೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ-ಪರೀಕ್ಷೆಯ ಕೇಂದ್ರಕ್ಕೆ ಹೋಗು. ಅಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಿಂದ ಪರೀಕ್ಷಿಸಿ ಖಾತ್ರಿ ಮಾಡುತ್ತಾರೆ, ಕಾಸು ಕೇಳುವುದಿಲ್ಲ. ಖಾತ್ರಿಯಾದರೆ ಅವರೇ ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬರೆದುಕೊಡುತ್ತಾರೆ. ಅಲ್ಲಿ ಸಿಡಿ4 ನೋಡುತ್ತಾರೆ. ರೋಗಗಳ ಜೊತೆ ಕಾದಾಡುವ ರಕ್ತಕಣಗಳ ಲೆಕ್ಕ ಅದು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿದದ್ದು, ಈ ನಾಲ್ಕನ್ನೂ ಕೇಳುತ್ತಾರೆ. ಒಂದನ್ನೂ ಮುಚ್ಚಿಡಬೇಡ. ಟಿಬಿ ಇದ್ದರೆ ಅದರ ಔಷಧಿ ಮೊದಲು ಶುರುವಾಗಬೇಕು.

ಆಮೇಲೆ ಗುಳಿಗೆ ಶುರು ಮಾಡಲು ತಡ ಮಾಡಬೇಡ. ‘ಈಗ ಆರಾಮ ಇದ್ದೇನೆ, ಬೇನೆ ಬಂದಾಗ ನೋಡೋಣ’ ಎಂದು ಮನಸ್ಸು ಹೇಳುತ್ತದೆ. ನನ್ನ ಕಾಲದಲ್ಲಿ ಸರ್ಕಾರವೇ ಕಾಯಿಸುತ್ತಿತ್ತು. ಪುಕ್ಕಟೆ ಗುಳಿಗೆ ಶುರುವಾದದ್ದೇ 2004ರ ಏಪ್ರಿಲ್ 1ರಂದು, ಅದೂ ಇಡೀ ದೇಶದಲ್ಲಿ ಎಂಟು ಆಸ್ಪತ್ರೆಗಳಲ್ಲಿ. ಸಿಡಿ4 200ರ ಕೆಳಗೆ ಇಳಿದವರಿಗೆ, ಇಲ್ಲವೆ ಬೇನೆ ಬಲಿತವರಿಗೆ ಮಾತ್ರ ಕೊಡುತ್ತಿದ್ದರು. ಅದಕ್ಕಿಂತ ಮುಂಚೆ ಹೊಲ ಮಾರಿ ಔಷಧಿ ತಂದು, ಹಣ ತೀರಿದ ಮೇಲೆ ಬಿಟ್ಟವರ ಮನೆಗಳನ್ನು ನಾನು ಕಂಡಿದ್ದೇನೆ. ನಮಗೆ ಮೊದಲು ಸಿಕ್ಕ ಗುಳಿಗೆಗಳಲ್ಲಿ ಸ್ಟಾವುಡಿನ್ ಎಂಬ ಔಷಧಿ ಇರುತ್ತಿತ್ತು. ದಿನಕ್ಕೆ ಎರಡು ಹೊತ್ತು ನುಂಗಬೇಕು. ಪಾದ ಉರಿಯುತ್ತಿತ್ತು, ಗಲ್ಲ ಬತ್ತುತ್ತಿತ್ತು, ಗಲ್ಲ ನೋಡಿಯೇ ಜನ ಗುರುತಿಸುತ್ತಿದ್ದರು. 2017ರಿಂದ ನಿಯಮ ಬದಲಾಗಿದೆ: ಸಿಡಿ4 ಎಷ್ಟೇ ಇರಲಿ, ರೋಗ ಖಾತ್ರಿಯಾದವರಿಗೆಲ್ಲ ಔಷಧಿ. ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ, ಮೂರು ಔಷಧಿ ಕೂಡಿದ ಒಂದೇ ಗುಳಿಗೆ, ದಿನಕ್ಕೆ ಒಂದು ಸಲ. ಮೊದಲ ವಾರಗಳಲ್ಲಿ ತಲೆನೋವು, ಹೊಟ್ಟೆ ತೊಳಸು, ನಿದ್ದೆಗೇಡು ಆಗಬಹುದು. ಬಹಳ ಮಂದಿಗೆ ತಾನಾಗಿ ಹೋಗುತ್ತದೆ, ಹೋಗದಿದ್ದರೆ ಡಾಕ್ಟರಿಗೆ ಹೇಳು, ನೀನೇ ನಿಲ್ಲಿಸಬೇಡ. ಗ್ಯಾಸಿನ ಔಷಧಿ, ಕ್ಯಾಲ್ಸಿಯಂ, ಕಬ್ಬಿಣಾಂಶ, ಸಕ್ಕರೆ ರೋಗದ ಮೆಟ್‌ಫಾರ್ಮಿನ್ ಯಾವುದಾದರೂ ನುಂಗುತ್ತಿದ್ದರೆ ಮೊದಲೇ ತಿಳಿಸು. ಯಾವುದನ್ನು ಯಾವಾಗ, ಎಷ್ಟು ಎಂದು ಅವರು ಹೊಂದಿಸಿ ಕೊಡಬೇಕಾಗುತ್ತದೆ.

ಈ ಗುಳಿಗೆ ವೈರಾಣುವನ್ನು ಮೈಯಿಂದ ಪೂರ್ತಿ ತೆಗೆಯುವುದಿಲ್ಲ, ತಲೆಯೆತ್ತದಂತೆ ಒತ್ತಿ ಹಿಡಿಯುತ್ತದೆ. ಬಿಟ್ಟರೆ ಅದು ಏಳುತ್ತದೆ, ಮತ್ತೆ ಮತ್ತೆ ಬಿಟ್ಟರೆ ಅದೇ ಔಷಧಿಗೆ ಜಗ್ಗದಂತಾಗುತ್ತದೆ. ಪೂರ್ತಿ ವಾಸಿ ಮಾಡುತ್ತೇನೆ ಎನ್ನುವ ಪುಡಿಯವರು, ಕಷಾಯದವರು ನಿನಗೂ ಸಿಗುತ್ತಾರೆ. ಅವರ ಮಾತಿಗೆ ಗುಳಿಗೆ ಬಿಡಬೇಡ. ಎಲ್ಲಮ್ಮನ ಗುಡ್ಡಕ್ಕೆ ಹೋಗು, ಹರಕೆ ಹೊರು, ನಾನೂ ಹೋಗುತ್ತೇನೆ. ಆದರೆ ಗುಳಿಗೆ ಚೀಲದಲ್ಲಿರಲಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕೆಲಸಕ್ಕೆ ಗೋವಾಕ್ಕೋ ಹೋಗುವುದಿದ್ದರೆ ಹೊರಡುವ ಮೊದಲೇ ಕೇಂದ್ರದಲ್ಲಿ ಹೇಳು. ಹೆಚ್ಚಿನ ತಿಂಗಳಿನ ಗುಳಿಗೆಗೋ ಆ ಊರಿನ ಕೇಂದ್ರಕ್ಕೆ ವರ್ಗಾವಣೆಗೋ ದಾರಿಯಿದೆ.

ನಿನ್ನ ದೊಡ್ಡ ಅಂಜಿಕೆ ರೋಗದ್ದಲ್ಲ, ಜನರದ್ದು ಎಂದು ನನಗೆ ಗೊತ್ತು. ಗೋಕಾಕದ ದವಾಖಾನೆಯ ಸಾಲಿನಲ್ಲಿ ನಿಂತರೆ ಮಿಲ್ಲಿನವರೋ ಬೀಗರೋ ನೋಡಿಯಾರು ಎಂದು ಘಟಪ್ರಭಾದಲ್ಲಿ ರೈಲು ಹತ್ತಿ ಬೆಳಗಾವಿಗೋ ಮಿರಜಕ್ಕೋ ಹೋಗುವವರಿದ್ದಾರೆ. ನಾನು ಅವರನ್ನು ತಪ್ಪೆನ್ನಲಾರೆ. ಆದರೆ ದಾರಿ ಖರ್ಚು, ಒಂದು ದಿನದ ಪಗಾರ ಎರಡೂ ಹೋಗುವಾಗ ಮೂರನೆಯ ತಿಂಗಳಿಗೆ ಕಾಲು ಸೋಲುತ್ತದೆ. ಹತ್ತಿರದ ಕೇಂದ್ರವನ್ನೇ ಹಿಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ಆ ಸಾಲಿನಲ್ಲಿ ನಿನ್ನನ್ನು ನೋಡುವವರೂ ಅದೇ ಗುಳಿಗೆಗೆ ಬಂದವರು. ಎಚ್‌ಐವಿ ಕಾಯಿದೆ 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿನ್ನ ಒಪ್ಪಿಗೆಯಿಲ್ಲದೆ ನಿನ್ನ ವಿಷಯ ಹೊರಗೆ ಹೇಳುವುದು, ಇದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ಬಿಡಿಸುವುದು, ಚಿಕಿತ್ಸೆ ನಿರಾಕರಿಸುವುದು ಅದರ ಪ್ರಕಾರ ಸಲ್ಲದು. ಊರಿಗೆಲ್ಲ ಹೇಳಬೇಕಾಗಿಲ್ಲ. ಗುಳಿಗೆ ನುಂಗಿದೆಯಾ ಎಂದು ಕೇಳುವ ಒಬ್ಬರಿಗೆ ಹೇಳು, ಅವ್ವನಿಗೋ ಅಣ್ಣನಿಗೋ ನಂಬಿಗಸ್ತ ಗೆಳೆಯನಿಗೋ.

ಇನ್ನೊಬ್ಬರಿಗೆ ಮಾತ್ರ ಹೇಳಲೇಬೇಕು. ಹೆಂಡತಿ ಇದ್ದರೆ ಅವಳಿಗೆ ಹೇಳು, ಅವಳ ರಕ್ತವನ್ನೂ ಪರೀಕ್ಷೆ ಮಾಡಿಸು. ಮದುವೆಯ ಮಾತು ನಡೆದಿದ್ದರೆ ಆ ಹುಡುಗಿಗೆ ತಿಳಿಸದೆ ಅರಿಶಿನ ಹಚ್ಚಿಸಿಕೊಳ್ಳಬೇಡ. ನನಗೆ ಯಾರೂ ಹೇಳಲಿಲ್ಲ, ಅದಕ್ಕೇ ಇಷ್ಟು ಕಟುವಾಗಿ ಬರೆದೆ. ಹಾಗೆಂದು ಸಂಸಾರದ ಆಸೆ ಬಿಡಬೇಕಾಗಿಲ್ಲ. ಗುಳಿಗೆ ಶುರುವಾಗಿ ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಾಣು ಎಷ್ಟಿದೆ ಎಂಬ ಪರೀಕ್ಷೆ ಮಾಡುತ್ತಾರೆ. ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ನಿಂತರೆ ಕೂಡುವುದರಿಂದ ಸಂಗಾತಿಗೆ ಅದು ಹತ್ತುವುದಿಲ್ಲ. ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದು ಗುಳಿಗೆಯಿಂದ ಹಿಡಿತಕ್ಕೆ ಬಂದಿದ್ದ 888 ಜೋಡಿಗಳನ್ನು ಯುರೋಪಿನಲ್ಲಿ ಗಮನಿಸಿ 2016ರಲ್ಲಿ ಲೆಕ್ಕ ಕೊಟ್ಟರು: ಕಾಂಡೋಮ್ ಇಲ್ಲದೆ ಕೂಡಿದರೂ ಸಂಗಾತಿಯಿಂದ ಸಂಗಾತಿಗೆ ಒಬ್ಬರಿಗೂ ಹತ್ತಿರಲಿಲ್ಲ. ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ನಿಂತಿದೆ ಎಂಬ ಫಲಿತಾಂಶ ನಿನ್ನ ಕೈಗೆ ಬರುವವರೆಗೆ ಕಾಂಡೋಮ್ ಬಿಡಬೇಡ.

ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗು, ಆದರೆ ಎರಡನ್ನು ಒಟ್ಟಿಗೆ ನುಂಗಬೇಡ. ಸೆರೆ ಬಿಡು, ಅದು ಹೊತ್ತು ಮರೆಸುತ್ತದೆ. ಊಟದಲ್ಲಿ ಪಥ್ಯವೇನೂ ಇಲ್ಲ, ಮನೆಯ ರೊಟ್ಟಿ, ಕಾಳುಪಲ್ಯೆ ಸಾಕು. ಮನೆಯವರ ಜೊತೆ ಒಂದೇ ಗಂಗಾಳದಲ್ಲಿ ಉಂಡರೂ ಯಾರಿಗೂ ಹತ್ತುವುದಿಲ್ಲ.

ರಾತ್ರಿ ಕೆಟ್ಟ ವಿಚಾರ ಬಂದರೆ ಒಬ್ಬನೇ ಕೂಡಬೇಡ, ಪಕ್ಕದಲ್ಲಿರುವವರನ್ನು ಎಬ್ಬಿಸು. ಏನು ಕೇಳಬೇಕಿದ್ದರೂ 1097ಕ್ಕೆ ಫೋನ್ ಮಾಡು, ಪುಕ್ಕಟೆ, ಹೆಸರು ಹೇಳಬೇಕಾಗಿಲ್ಲ. ಈ ಪತ್ರ ಓದಿ ಮುಗಿಸಿದ ಮೇಲೆ ಹೆಚ್ಚು ದಿನ ಹಾಕಬೇಡಪ್ಪಾ. ನಾಳೆ ಮುಂಜಾನೆಯೇ ದವಾಖಾನೆಗೆ ಹೋಗು.

ನಿನ್ನ ಹಿರಿಯಕ್ಕ