ನಡುಕವನ್ನು ಎಡಿಟ್ ಮಾಡಬೇಡಿ

ಪಾರ್ಕಿನ್ಸನ್ ಇರುವವರು ತಮ್ಮ ಅನುಭವವನ್ನು ವಿಡಿಯೊ ಮಾಡಿ ಹಂಚಿಕೊಳ್ಳುವುದು ಒಳ್ಳೆಯದೇ. ಹಾಲಿವುಡ್ ನಟ ಮೈಕೆಲ್ ಜೆ. ಫಾಕ್ಸ್‌ಗೆ ಈ ಕಾಯಿಲೆ ಇದೆಯೆಂದು ಗೊತ್ತಾದದ್ದು 1991ರಲ್ಲಿ, 29ನೇ ವಯಸ್ಸಿನಲ್ಲಿ; ಲೋಕಕ್ಕೆ ಹೇಳಿದ್ದು 1998ರಲ್ಲಿ. ಅಷ್ಟು ವರ್ಷ ಮುಚ್ಚಿಡುವ ಸಂಕಟ ನಿಮಗೇಕೆ?

ಮೊದಲು ಹೊತ್ತು ನೋಡಿಕೊಳ್ಳಿ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯ ಗುಣ ಹತ್ತಿದಾಗ ಮಾತು, ನಡಿಗೆ ಸಲೀಸು. ಇಳಿದಾಗ ಅಂಗಿಯ ಗುಂಡಿ ಹಾಕುವುದೂ ಸಾಹಸ. ಎರಡೂ ಹೊತ್ತಿನಲ್ಲಿ ವಿಡಿಯೊ ತೆಗೆಯಿರಿ. ಮೊದಲನೆಯದು ಹಂಚಿಕೊಳ್ಳಲು. ಎರಡನೆಯದನ್ನು ನರರೋಗ ತಜ್ಞರಿಗೂ ತೋರಿಸಿ. ಅವರ ಕೊಠಡಿಯ ಹತ್ತು ನಿಮಿಷದಲ್ಲಿ ಕಾಣದ್ದು ಅದರಲ್ಲಿ ಕಾಣುತ್ತದೆ.

ಫೋನನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಸಿಕ್ಕಿಸಿ. ದನಿ ಸಣ್ಣದಾಗಿರುತ್ತದಲ್ಲ, ಕಾಲರ್ ಮೈಕ್ ಇರಲಿ. ಮುಖದಲ್ಲಿ ಭಾವ ಮೂಡದಿದ್ದರೆ, 'ಸಿಟ್ಟಿಲ್ಲ ಮಾರಾಯ್ರೆ, ಮುಖ ಬಿಗಿದುಕೊಂಡಿದೆ ಅಷ್ಟೆ' ಎಂದು ಹೇಳಿಬಿಡಿ. ಮನೆಯವರೇ ತಪ್ಪು ತಿಳಿಯುವ ವಿಷಯವಿದು. ನಡುಕವನ್ನು ಕತ್ತರಿಸಬೇಡಿ. ಹಿನ್ನೆಲೆಗೆ 'ಸ್ಫೂರ್ತಿ' ಸಂಗೀತವೂ ಬೇಡ, ದಯವಿಟ್ಟು! ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ಕುಡಿಯುವುದನ್ನು ತೋರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರ.

ಮಾತ್ರೆಯ ಪ್ರಮಾಣ ಮಾತ್ರ ಹೇಳಲು ಹೋಗಬೇಡಿ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದದು. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಆದರೆ ಅದರ ಪುಡಿಯಿಂದ ಗುಣವಾಯಿತು ಎನ್ನುವ ವಿಡಿಯೊ ನಂಬಿ ಮಾತ್ರೆ ನಿಲ್ಲಿಸಿದರೆ ಅಪಾಯ. ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ಬಂದಿದೆ ಎನ್ನುವವರು ಯಾರೇ ಇರಲಿ, ಮೊದಲು ನಿಮ್ಮ ವೈದ್ಯರನ್ನು ಕೇಳಿ.