ಸೂಜಿ ಹಾಕಿದಾಗ ಬಂದ ಅಳು

ತಿಕೋಟಾದ ತಂಗೀ, ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಕೆಲಸದಲ್ಲಿ ಹಿಡಿದುಕೊಂಡ ಕುತ್ತಿಗೆಗೆ ವಿಜಯಪುರದಲ್ಲಿ ಅಕ್ಯುಪಂಕ್ಚರ್ ಮಾಡಿಸುವಾಗ ಬಿಕ್ಕಿ ಬಿಕ್ಕಿ ಅತ್ತಿರಿ, ಬಬಲೇಶ್ವರದ ಅತ್ತೆಯವರು ‘ಗಾಳಿ ಸೋಕೇತಿ’ ಅಂದರು ಎಂದು ಬರೆದಿದ್ದೀರಿ. ಗಾಳಿಯೂ ಇಲ್ಲ, ಧೂಳೂ ಇಲ್ಲ.

ನಸುಕಿನಿಂದ ರಾತ್ರಿವರೆಗೆ ತೋಟ, ಒಲೆ, ಮಕ್ಕಳು. ಅರ್ಧ ತಾಸು ಸುಮ್ಮನೆ ಮಲಗಿದ್ದು ನಿಮಗೆ ಎಷ್ಟು ದಿನದ ಮೇಲೋ! ಬಿಗಿದ ಮೈ ಸಡಿಲಾದಾಗ ನುಂಗಿಕೊಂಡ ದುಃಖ ಮೇಲೆ ಬರುವುದುಂಟು. ಕೆಲವರಿಗೆ ನಗು, ಕೆಲವರಿಗೆ ನಿದ್ದೆ. ಅತ್ತರೆ ರೋಗ ಹೊರಹೋಯಿತು ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಅಳು ಗುಣವಾದ ಗುರುತಲ್ಲ, ಕೆಟ್ಟದ್ದರ ಗುರುತೂ ಅಲ್ಲ.



ಮುಂದಿನ ಸಲ ಸೂಜಿ ಹಾಕಿಸಿಕೊಳ್ಳಲು ಉಪವಾಸ ಹೋಗಬೇಡಿ, ಒಂದು ರೊಟ್ಟಿಯಾದರೂ ತಿಂದು ಹೋಗಿ. ಅಳು ಬಂದರೆ ಅಳಿ. ಸಾಕೆನಿಸಿದರೆ ಸೂಜಿ ತೆಗೆಯಿರಿ ಎನ್ನುವ ಹಕ್ಕು ನಿಮ್ಮದು. ಕಣ್ಣು ಕತ್ತಲಿಟ್ಟು ಬೆವರಿದರೆ ಅದು ಬೇರೆ ಮಾತು, ಕೂಡಲೇ ಹೇಳಿ. ಮನೆಗೆ ಬಂದ ಮೇಲೂ ಎರಡು ವಾರ ಅಳು, ನಿದ್ದೆಗೇಡು ಮುಂದುವರಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅತ್ತೆಯವರಿಗೂ ಈ ಉತ್ತರ ಓದಿ ಹೇಳಿ.